ಬೇರೆಯವರ ವಾದ್ಯ

ಆಷಾಢದಲ್ಲಿ ನಮ್ಮ ಕಡೆ ಮದುವೆಗಳಿಲ್ಲ, ಆದ್ದರಿಂದ ವಾಲಗದವರಿಗೆ ಕೆಲಸವೂ ಇಲ್ಲ. ಚಿತ್ರದುರ್ಗದಲ್ಲಿ ಆ ತಿಂಗಳು ಪೂರ್ತಿ ಗಾಳಿಯದ್ದೇ ಕಾರುಬಾರು. ತೊಂಬತ್ತರ ದಶಕದ ನಡುವೆ ಮೂರು ಆಷಾಢಗಳಲ್ಲಿ ನಾವು ನಾಲ್ವರು ವಾರಕ್ಕೊಂದು ಮಧ್ಯಾಹ್ನ ಸೇರಿ ಕ್ಯಾಸೆಟ್ ಕೇಳುತ್ತಿದ್ದೆವು. ಮೂರು ಎಂದು ದಿನಚರಿಯಲ್ಲಿದೆ. ನನ್ನ ನೆನಪು ನಾಲ್ಕು ಎನ್ನುತ್ತದೆ. ಇಂಥ ಕಡೆ ನಾನು ದಿನಚರಿಯನ್ನೇ ನಂಬುತ್ತೇನೆ, ಅದನ್ನು ಬರೆದವನೂ ನಾನೇ ಎಂಬುದನ್ನು ಮರೆಯದೆ.

ನಾಲ್ವರಲ್ಲಿ ಒಬ್ಬರು ನಾದಸ್ವರದವರು. ಇನ್ನೊಬ್ಬರು ಅವರ ಅಕ್ಕನ ಗಂಡ, ಅದೇ ಮೇಳದಲ್ಲಿ ಇಪ್ಪತ್ತೈದು ವರ್ಷದಿಂದ ಡೋಲು ಬಾರಿಸುತ್ತಿದ್ದವರು. ಮೂರನೆಯವನು ಬ್ಯಾಂಡ್ ಸೆಟ್ಟಿನ ಕ್ಲಾರಿಯೋನೆಟ್ಟಿನವನು. ಬಸ್ ನಿಲ್ದಾಣದ ಹಿಂದಿದ್ದ ಅವನ ಅಂಗಡಿಯಲ್ಲೇ, ಗೋಡೆಗೆ ನೇತುಹಾಕಿದ ಹಿತ್ತಾಳೆ ವಾದ್ಯಗಳ ಕೆಳಗೆ, ನಾವು ಕೂರುತ್ತಿದ್ದೆವು. ನಾಲ್ಕನೆಯವನು ನಾನು. ಹೊಳಲ್ಕೆರೆಯ ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕ, ಊರೂರಿನ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸುವವನು. ಮದುವೆಯ ಕಾಲದಲ್ಲಿ ರಜೆ ಇದ್ದರೆ ಇವರ ಜೊತೆ ಹೋಗಿ ಶ್ರುತಿಪೆಟ್ಟಿಗೆ ಹಿಡಿದು ಕೂರುವುದು ನನಗೊಂದು ಖುಷಿ.

ಕೂಟಕ್ಕೆ ಒಂದೇ ನಿಯಮವಿತ್ತು: ಯಾರೂ ತಮ್ಮ ವಾದ್ಯದ ಕ್ಯಾಸೆಟ್ ತರಬಾರದು. ಈ ನಿಯಮ ನನ್ನದು ಎಂದು ಬಹುಕಾಲ ಹೇಳಿಕೊಂಡು ತಿರುಗಿದೆ. ದಿನಚರಿ ನೋಡಿದರೆ ಅದು ಡೋಲಿನವರದ್ದು. ಮೊದಲ ದಿನವೇ ಅವರು, ನನ್ನ ಮುಂದೆ ಡೋಲು, ಮೃದಂಗ, ತಬಲ ಯಾವುದನ್ನೂ ಹಾಕಬೇಡಿ, ನನಗೆ ಗೊತ್ತಿಲ್ಲದ್ದನ್ನು ಹಾಕಿ ಎಂದರಂತೆ.

ಹಾಗಾಗಿ ನಾವು ಬೇರೆಯವರ ವಾದ್ಯಗಳನ್ನು ಹುಡುಕಿಕೊಂಡು ಹೋದೆವು. ಸಾರಂಗಿಯನ್ನು ನಾದಸ್ವರದವರು ಮೊದಲು ಕೇಳಿದ್ದು ಅಲ್ಲಿಯೇ. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುವವರೆಗೆ ಅವರು ಬಾಯಿಯಲ್ಲಿದ್ದ ಎಲೆಯಡಿಕೆ ಅಗಿಯಲಿಲ್ಲ. ಆಮೇಲೆ ಹೇಳಿದರು, "ಇದು ಅಳಾದಲ್ಲ ಮೇಷ್ಟ್ರೇ. ಅತ್ತು ಮುಗಿಸಿ, ಮುಖ ತೊಳ್ಕಂಡು ಬಂದು ಮಾತಾಡಾದು." ಕ್ಲಾರಿಯೋನೆಟ್ಟಿನವನು ಬೆಂಗಳೂರಿನಿಂದ ಪಿಯಾನೋ ಕ್ಯಾಸೆಟ್ ತರಿಸಿ, ನಿಮ್ಮ ಹಾರ್ಮೋನಿಯಂನ ದೊಡ್ಡಪ್ಪ ಬಂದವ್ನೆ, ಎದ್ದು ನಿಂತ್ಕಳ್ರಿ ಎಂದು ನನ್ನನ್ನು ಕಾಡಿಸಿದ. ನಾನು ಬಾಗೂರಿನ ಹತ್ತಿರದ ಒಂದು ಕುರಿಹಟ್ಟಿಯಲ್ಲಿ ಗಣೆ ಊದುವ ಹಿರಿಯರೊಬ್ಬರನ್ನು ಕಾಡಿ ಬೇಡಿ ರೆಕಾರ್ಡ್ ಮಾಡಿಕೊಂಡು ಬಂದಿದ್ದೆ. ಆಳೆತ್ತರದ ಬಿದಿರ ಕೊಳಲು ಅದು. ನೆಲದೊಳಗಿಂದ ಯಾರೋ ಉಸಿರಾಡಿದ ಹಾಗೆ ಅದರ ದನಿ. ಹಿಂದೆ ಕುರಿಗಳ ಗದ್ದಲವೂ ಸೇರಿತ್ತು. ಡೋಲಿನವರಿಗೆ ಅದರ ಹುಚ್ಚು ಹಿಡಿಯಿತು. ವಾರವಾರವೂ ಅದನ್ನೇ ಹಾಕಿಸುತ್ತಿದ್ದರು.

ಮೂರನೆಯ ಆಷಾಢದಲ್ಲಿ ಒಮ್ಮೆ ಕರೆಂಟು ಇಲ್ಲದ್ದಕ್ಕೆ ಟೇಪ್ ರೆಕಾರ್ಡರ್ ಎತ್ತಿಕೊಂಡು ಚಂದ್ರವಳ್ಳಿಗೆ ಹೋದೆವು. ಗಾಳಿ ತಾಗದ ಕಡೆ, ಬಂಡೆಯ ಮರೆಯಲ್ಲಿ ಕೂತು ಕಛೇರಿ ಕೊಳಲಿನ ಒಂದು ಕ್ಯಾಸೆಟ್ ಹಾಕಿದೆ. ಸ್ವಲ್ಪ ಹೊತ್ತಿಗೆ ಬ್ಯಾಟರಿ ಇಳಿಯತೊಡಗಿತು. ಶ್ರುತಿ ಮೆಲ್ಲಮೆಲ್ಲನೆ ಜಾರಿತು. ಮೊದಲು ಅರ್ಧ ಸ್ವರ, ಆಮೇಲೆ ಒಂದು, ಆಮೇಲೆ ಕೊಳಲು ಯಾವುದೋ ಮುದಿ ಪ್ರಾಣಿಯಂತೆ ನರಳತೊಡಗಿತು. ಕ್ಲಾರಿಯೋನೆಟ್ಟಿನವನು ಕಿವಿ ಮುಚ್ಚಿಕೊಂಡು ನಕ್ಕ. ನಾದಸ್ವರದವರು ಹಲ್ಲುನೋವು ಬಂದವರಂತೆ ಮುಖ ಹಿಂಡಿದರು. ಡೋಲಿನವರು ಮಾತ್ರ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ, ತಲೆದೂಗುತ್ತಿದ್ದರು. ಟೇಪು ನಿಂತೇ ಹೋದ ಮೇಲೂ ಎರಡು ಆವರ್ತ ತಲೆದೂಗಿದರು.

ಕ್ಲಾರಿಯೋನೆಟ್ಟಿನವನ ನಗು ನಿಂತಿತು. ನಾದಸ್ವರದವರು ಬಂಡೆಯ ಕಡೆ ನೋಡುತ್ತಿದ್ದರು, ಅಥವಾ ಹಾಗೆ ನೋಡುತ್ತಿದ್ದರೆಂದು ಆಮೇಲೆ ನಾನು ಸೇರಿಸಿಕೊಂಡೆನೋ ತಿಳಿಯದು. ಡೋಲಿನವನಿಗೆ ಕಿವಿ ಹೋದರೆ ಮೇಳದಲ್ಲಿ ಜಾಗವಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದವನು ಅವರ ಜಾಗವನ್ನು ಕಿತ್ತ ಹಾಗೆ.

ಆಮೇಲೆ ನಾನೊಂದು ಕೆಲಸ ಮಾಡಿದೆ. ಇದು ದಿನಚರಿಯಲ್ಲಿಲ್ಲ, ಬರೆಯಲು ನಾಚಿಕೆಯಾಗಿರಬೇಕು. ಮುಂದಿನ ವಾರ ಸಂತೂರಿನ ಕ್ಯಾಸೆಟ್ ಓಡುತ್ತಿತ್ತು. ಉಳಿದಿಬ್ಬರು ಚಹಾ ಕುಡಿಯಲು ಎದ್ದು ಹೋಗಿದ್ದರು. ನಾನು ದನಿಯ ತಿರುಪನ್ನು ಮೆಲ್ಲಗೆ ತಿರುಗಿಸಿ ಪೂರ್ತಿ ಇಳಿಸಿಬಿಟ್ಟೆ. ಅಂಗಡಿಯಲ್ಲಿ ತಗಡು ಬಡಿದುಕೊಳ್ಳುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಡೋಲಿನವರು ತಿರುಗುತ್ತಿದ್ದ ಕ್ಯಾಸೆಟ್ಟಿನ ಚಕ್ರಗಳನ್ನೇ ನೋಡುತ್ತ, ಹಿತವಾಗಿ ತಲೆಯಾಡಿಸುತ್ತಿದ್ದರು. ಉಳಿದವರ ಚಪ್ಪಲಿ ಸದ್ದಾದೊಡನೆ ತಿರುಪನ್ನು ಮೊದಲಿನ ಜಾಗಕ್ಕೆ ತಂದೆ.

ಆ ವರ್ಷದ ಮದುವೆಗಳು ಹೇಗೋ ಮುಗಿದವು. ಮದುವೆಯಲ್ಲಿ ವಾಲಗದವರ ಪಾಲಿನ ಮುಖ್ಯ ಗಳಿಗೆ ತಾಳಿ ಕಟ್ಟುವುದು. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಎಂದ ಕೂಡಲೇ ನಾದಸ್ವರ, ಡೋಲು ಎರಡೂ ಒಮ್ಮೆಲೇ ಬಲವಾಗಿ ಎದ್ದು ಬೇರೆಲ್ಲ ಸದ್ದನ್ನೂ ಮುಳುಗಿಸಬೇಕು. ಸೀನು, ಅಳು, ಒಡೆದ ಪಾತ್ರೆ, ಯಾವ ಅಪಶಕುನವೂ ಆ ಹೊತ್ತಿನಲ್ಲಿ ಮದುಮಕ್ಕಳ ಕಿವಿಗೆ ಬೀಳಬಾರದು. ಈ ಮೇಳದಲ್ಲಿ ಏಟು ಹಾಕಿ ಎಬ್ಬಿಸುವುದು ಡೋಲು, ಆ ಏಟಿನ ಮೇಲೆ ನಾದಸ್ವರ ಹತ್ತುತ್ತಿತ್ತು. ಭಾವಮೈದ ಭಾವನಿಗೆ ಕೊಟ್ಟ ಮರ್ಯಾದೆ ಅದು. ಡೋಲಿನವರು ಪುರೋಹಿತರ ಬಾಯಿಯನ್ನೂ ಎತ್ತಿದ ಕೈಯನ್ನೂ ನೋಡಿ ನಡೆಸುತ್ತಿದ್ದರು ಎಂದು ಈಗ ಗೊತ್ತು.

ಮರುವರ್ಷದ ವೈಶಾಖದಲ್ಲಿ ಹೊಸದುರ್ಗದ ಒಂದು ಮದುವೆಯಲ್ಲಿ, ಆ ಗಳಿಗೆಗೆ ಸರಿಯಾಗಿ ಹೆಣ್ಣಿನ ಕಡೆಯ ಹೆಂಗಸರು ಅಕ್ಷತೆ ಹಿಡಿದು ಎದ್ದು ನಿಂತರು. ಪುರೋಹಿತರು ಮರೆಯಾದರು. ಅವರು ಕೂಗಿದ್ದು ನನಗೆ ಕೇಳಿಸಿತು. ಡೋಲು ಏಳಲಿಲ್ಲ. ನಾದಸ್ವರದವರು ತುಟಿಗೆ ವಾದ್ಯ ಇಟ್ಟುಕೊಂಡೇ ಭಾವನ ಕಡೆ ತಿರುಗಿದರು. ಚಪ್ಪರದಡಿ ಅಷ್ಟು ಜನರಿದ್ದೂ ಬಾವಿಯ ತಳದಂಥ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಯಾರೋ ಒಂದು ಸಲ, ಒಂಟಿಯಾಗಿ, ಸೀನಿದರು.

ಆಮೇಲೆ ನಾದಸ್ವರ ಒಂಟಿಯಾಗಿಯೇ ಎದ್ದಿತು, ಡೋಲು ಹಿಂದಿನಿಂದ ಓಡಿ ಬಂದು ಸೇರಿತು. ತಾಳಿ ಕಟ್ಟಿದ್ದಾಯಿತು. ಊಟದ ಪಂಕ್ತಿಯಲ್ಲಿ ಯಾರೂ ಬಯ್ಯಲಿಲ್ಲ. ಆದರೆ ನಮ್ಮ ಎಲೆಗಳ ಮುಂದೆ ಬಂದಾಗ ಬಡಿಸುವವರು ಕಣ್ಣೆತ್ತದೆ ಬಡಿಸಿ ಮುಂದೆ ಹೋಗುತ್ತಿದ್ದರು. ಮದುಮಗಳ ಅಜ್ಜಿಯೊಬ್ಬರು ಕಂಬಕ್ಕೆ ಒರಗಿ ಕೂತು ಡೋಲಿನವರನ್ನೇ ನೋಡುತ್ತಿದ್ದರು. ಅವರ ನೋಟದಲ್ಲಿ ಸಿಟ್ಟಿಗಿಂತ ಭಯ ಹೆಚ್ಚಾಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ನಾದಸ್ವರದವರು ಮುಂದೆ ಕೂತಿದ್ದರು. ಡೋಲಿನವರು ನನ್ನನ್ನು ಹಿಂದಿನ ಸೀಟಿಗೆ ಕರೆದರು. ಬಸ್ಸು ಹೊಳಲ್ಕೆರೆ ದಾಟಿತು. ಆಮೇಲೆ ಎಂಜಿನ್ನಿನ ಸದ್ದನ್ನೂ ಮೀರಿದ ದನಿಯಲ್ಲಿ, ತಾವು ಪಿಸುಗುಟ್ಟುತ್ತಿದ್ದೇವೆಂದುಕೊಂಡು, ಹೇಳಿದರು.

"ಅವತ್ತು ನೀವು ತಿರುಪು ಇಳಿಸಿದ್ದು ನೋಡ್ದೆ ಮೇಷ್ಟ್ರೇ."

ನಾನು ಕಿಟಕಿಯ ಕಡೆ ತಿರುಗಿದೆ.

"ತಪ್ಪೇನೈತೆ? ಮೇಷ್ಟ್ರು ಪರೀಕ್ಷೆ ಮಾಡ್ತಾರೆ. ನಾನೂ ಅದನ್ನೇ ಮಾಡ್ಕಂತಿದ್ದೆ."

ಮುಂದಿನ ಮಾತನ್ನು ಅವರು ಬಿಡಿಬಿಡಿಸಿ ಹೇಳಿದರು. ಕಿವಿ ಮಂದವಾಗಿ ನಾಲ್ಕು ವರ್ಷವಾಗಿತ್ತು. ಡೋಲಿನ ಕ್ಯಾಸೆಟ್ ಹಾಕಿದರೆ ಎಲ್ಲಾ ಕೇಳಿಸಿದ ಹಾಗೇ ಆಗುತ್ತಿತ್ತಂತೆ. ಮುಂದಿನ ಏಟು ಯಾವುದೆಂದು ಕೈಗೆ ಗೊತ್ತಿರುವುದರಿಂದ ಕೇಳದೆ ಹೋದದ್ದನ್ನು ಮನಸ್ಸೇ ತುಂಬಿಕೊಡುತ್ತದೆ. ಎಷ್ಟು ಕೇಳುತ್ತಿದೆ, ಎಷ್ಟು ನೆನಪು ಎಂದು ಬೇರ್ಪಡಿಸಲು ಆಗುತ್ತಿರಲಿಲ್ಲ. ಅದಕ್ಕೇ ಗೊತ್ತಿಲ್ಲದ ವಾದ್ಯ ಬೇಕಾಯಿತು. ಕೇಳಿಯೇ ಇರದ ಸಂಗೀತವನ್ನು ಮನಸ್ಸು ತುಂಬಿಕೊಡಲಾರದು. ಮೊದಲನೆಯ ವರ್ಷ ಸಾರಂಗಿ ಮುಕ್ಕಾಲು ಸಿಕ್ಕಿತ್ತು. ಎರಡನೆಯ ವರ್ಷ ಅರ್ಧ. ಮೂರನೆಯ ವರ್ಷ ಸಂತೂರು ಸಿಕ್ಕಲೇ ಇಲ್ಲ.

"ಆ ಗಣೆ ಒಂದೇ ಕಣ್ರಿ ಪೂರ್ತಿ ಬರ್ತಿದ್ದದ್ದು" ಎಂದರು. "ಕುರಿ ಸದ್ದು ಬರ್ತಿರಲಿಲ್ಲ. ಕುರಿ ಅವೆ ಅಂತ ನೀವು ಹೇಳಿದ್ಮೇಲೇ ಗೊತ್ತಾಗಿದ್ದು."

ಆಮೇಲೆ ಕೇಳಿಕೊಂಡರು. ಅವರ ಭಾವಮೈದನಿಗೆ ಹೇಳಬಾರದು. ಉಳಿದ ಮದುವೆಗಳಿಗೆ ನಾನು ಬರಬೇಕು, ಶ್ರುತಿಪೆಟ್ಟಿಗೆ ಹಿಡಿದು ಅವರ ಎಡಗಡೆ ಕೂರಬೇಕು, ಗಟ್ಟಿಮೇಳ ಎಂದ ಕೂಡಲೇ ಮೊಣಕಾಲನ್ನು ಒಂದು ಸಲ ಒತ್ತಬೇಕು. "ಡೋಲು ನನ್ದು, ಕಿವಿ ನಿಮ್ದು. ಇದೊಂದು ಸೀಸನ್ ದಾಟ್ಸಿಬಿಡ್ರಿ."

ಒಪ್ಪಿಕೊಂಡೆ. ಏಕೆ ಒಪ್ಪಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕರುಣೆ ಎಂದು ಆ ದಿನ ಬರೆದಿಟ್ಟಿದ್ದೇನೆ. ನಿಜವಾದ ಸಂಗೀತಗಾರನೊಬ್ಬ ನನ್ನ ಕಿವಿಯನ್ನು ನೆಚ್ಚಿಕೊಂಡನೆಂಬ ಹೆಮ್ಮೆಯೂ ಅದರಲ್ಲಿತ್ತು. ನಾದಸ್ವರದವರಿಗೆ ಅಂದೇ ಹೇಳಿದ್ದರೆ ಅವರು ಏನಾದರೂ ದಾರಿ ಹುಡುಕುತ್ತಿದ್ದರೇನೋ. ಗಟ್ಟಿಮೇಳಕ್ಕೆ ನಾನೇ ಮೊದಲು ಊದುತ್ತೇನೆ, ನೀವು ನೋಡಿ ಸೇರಿಕೊಳ್ಳಿ ಎಂದು ಅವರು ಒಂದು ಮಾತು ಹೇಳಿದ್ದರೂ ಸಾಕಿತ್ತು.

ಐದೋ ಆರೋ ಮದುವೆ ಹೀಗೆ ನಡೆದವು. ಒಂದೂ ತಪ್ಪಲಿಲ್ಲ. ಆದರೂ ಪ್ರತಿ ಮದುವೆಯಲ್ಲಿ, ಅಂತರಪಟ ಹಿಡಿದ ಹೊತ್ತಿಗೆ, ನನ್ನ ಅಂಗೈ ಬೆವರಿ ಅವರ ಪಂಚೆಗೆ ಅಂಟಿಕೊಳ್ಳುತ್ತಿತ್ತು. ಸಂಗೀತ ಕೇಳುವುದೇ ನನಗೆ ಮರೆತುಹೋಯಿತು. ನಾದಸ್ವರದವರು ಎಂಥ ರಾಗ ಎತ್ತಿಕೊಂಡರೂ ನಾನು ಕಾಯುತ್ತಿದ್ದುದು ಪುರೋಹಿತರ ಒಂದೇ ಒಂದು ಮಾತಿಗೆ.

ಕೊನೆಯ ಮದುವೆ ಹಿರಿಯೂರಿನಲ್ಲಿ. ದೊಡ್ಡ ಮದುವೆ, ವಿಡಿಯೋದವರು ಬೇರೆ ಬಂದಿದ್ದರು. ತಾಳಿಯನ್ನು ತಟ್ಟೆಯಲ್ಲಿಟ್ಟು, ಹಿರಿಯರು ಮುಟ್ಟಿ ಹರಸಲೆಂದು ಜನರ ನಡುವೆ ಕೊಂಡೊಯ್ಯುತ್ತಿದ್ದರು. ನಾನು ಪುರೋಹಿತರ ಬಾಯಿಂದ ಕಣ್ಣು ಕೀಳದೆ ಕೂತಿದ್ದೆ, ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಗಟ್ಟಿಮೇಳ ಎಂದದ್ದು ನನಗೆ ಕೇಳಿಸಿತು. ಮೊಣಕಾಲು ಒತ್ತಿದೆ.

ಡೋಲು ಸಿಡಿಯಿತು. ಅದರ ಬೆನ್ನಿಗೆ ನಾದಸ್ವರ. ಜನ ಎದ್ದು ಅಕ್ಷತೆ ಎರಚಿಬಿಟ್ಟರು. ತಾಳಿ ಇನ್ನೂ ಮೂರನೆಯ ಸಾಲಿನಲ್ಲಿ, ಯಾರದೋ ಕೈಯಲ್ಲಿತ್ತು. ಮದುಮಗ ಬರಿಗೈಯಲ್ಲಿ ನಿಂತಿದ್ದ. ಅವನ ತಲೆಯ ಮೇಲೆ ಅಕ್ಕಿಕಾಳು ಬೀಳುತ್ತಲೇ ಇದ್ದವು. ಪುರೋಹಿತರು ಎರಡೂ ಕೈ ಎತ್ತಿ ಬೇಡ ಬೇಡ ಎನ್ನುತ್ತಿದ್ದರು. ನಾದಸ್ವರ ತಟ್ಟನೆ ನಿಂತಿತು. ಡೋಲು ನಿಲ್ಲಲಿಲ್ಲ. ಡೋಲಿನವರಿಗೆ ಅದು ನಿಂತದ್ದು ಗೊತ್ತಾಗಲಿಲ್ಲ. ಒಂದು ಚಪ್ಪರದಷ್ಟು ಜನ ಸುಮ್ಮನೆ ನಿಂತು ನೋಡುತ್ತಿರಲು ಅವರು ತಲೆ ತಗ್ಗಿಸಿ, ತಮ್ಮ ಆಯುಷ್ಯದ ಅತ್ಯಂತ ಚಂದದ ಗಟ್ಟಿಮೇಳವನ್ನು ಒಬ್ಬರೇ ಬಾರಿಸುತ್ತಿದ್ದರು. ನಾದಸ್ವರದವರು ಬಗ್ಗಿ ಅವರ ಕೋಲನ್ನು ಹಿಡಿದರು. ಆಗ ನಾದಸ್ವರದವರ ಕಣ್ಣು ಭಾವನ ಮೊಣಕಾಲಿನ ಮೇಲಿದ್ದ ನನ್ನ ಕೈಯ ಮೇಲೆ ಬಿತ್ತು.

ಹುಡುಗಿಯ ತಂದೆ ಬಂದು ಕೇಳಿದಾಗ ಡೋಲಿನವರು, ನನ್ನದೇ ತಪ್ಪು ಸ್ವಾಮಿ, ಕಿವಿ ಹೋಗಿದೆ ಎಂದು ಎಲ್ಲರ ಮುಂದೆ ಹೇಳಿದರು. ಮೊಣಕಾಲಿನ ಮಾತು ಎತ್ತಲಿಲ್ಲ. ಹೊರಗೆ ನಾದಸ್ವರದವರು ನನಗೆ ಹೇಳಿದ್ದು ಇಷ್ಟೇ: "ಓದಿದೋರು ನೀವು. ನಂಗೊಂದು ಮಾತು ಹೇಳ್ಬೇಕಿತ್ತು." ಆಮೇಲೆ ಭಾವನ ಡೋಲನ್ನು ತಾವೇ ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದರು. ಮುಂದಿನ ತಿಂಗಳು ಮೇಳಕ್ಕೆ ಧರ್ಮಪುರದ ಕಡೆಯಿಂದ ಹೊಸಬರು ಬಂದರು. ಆ ಆಷಾಢದಲ್ಲಿ ಯಾರೂ ಯಾರನ್ನೂ ಕರೆಯಲಿಲ್ಲ. ಡೋಲಿನವರು ಮಗಳ ಊರಿಗೆ ಹೋದರೆಂದು ಕೇಳಿದೆ. ನೋಡಲು ಹೋಗಬೇಕೆಂದು ದಿನಚರಿಯಲ್ಲಿ ಏಳು ಕಡೆ ಬರೆದಿದ್ದೇನೆ.

ಪುರೋಹಿತರು ಆ ಮಾತನ್ನು ನಿಜವಾಗಿ ಅಂದರೋ, ಜನರಲ್ಲಿ ಯಾರಾದರೂ ಅಂದರೋ, ಅಥವಾ ಕಾದು ಕಾದು ನನ್ನ ಮನಸ್ಸೇ ಅದನ್ನು ತುಂಬಿಕೊಟ್ಟಿತೋ, ಎಂಟು ಹತ್ತು ವರ್ಷ ತಿಳಿಯಲಿಲ್ಲ. ಎರಡು ಸಾವಿರದ ಇಸವಿಯ ಈಚೆಗೆ ನನಗೆ ಹಿರಿಯೂರಿನಲ್ಲೇ ಕಾಯಂ ಕೆಲಸವಾಯಿತು. ಸಹೋದ್ಯೋಗಿಯೊಬ್ಬರು ತಮ್ಮ ಮನೆಗೆ ಊಟಕ್ಕೆ ಕರೆದರು. ಮಾತಿಗೆ ಮಾತು ಬಂದು, ಅವರ ಹೆಂಡತಿಯೇ ಆ ಮದುಮಗಳೆಂದು ಗೊತ್ತಾಯಿತು. ಆಕೆ ಚೆನ್ನಾಗಿದ್ದರು. ಇಬ್ಬರು ಮಕ್ಕಳು ಪಕ್ಕದ ಕೋಣೆಯಲ್ಲಿ ಜಗಳವಾಡುತ್ತಿದ್ದರು. ಆ ಗಟ್ಟಿಮೇಳದ ಕತೆಯನ್ನು ಗಂಡ ಹೆಂಡತಿ ಇಬ್ಬರೂ ನಗುತ್ತ ಹೇಳಿದರು. ಬೇಕಾದರೆ ನೋಡಿ ಎಂದು ಮದುವೆಯ ವಿಡಿಯೋದಿಂದ ಮಾಡಿಸಿದ ಸಿ.ಡಿ. ಹಾಕಿದರು.

ಆ ಕಾಲದ ಎಲ್ಲ ಮದುವೆ ವಿಡಿಯೋಗಳ ಹಾಗೆ ಇದರಲ್ಲಿಯೂ ಮುಹೂರ್ತದ ಸದ್ದನ್ನೆಲ್ಲ ತೆಗೆದು ಸಿನಿಮಾ ಹಾಡು ಕೂಡಿಸಿದ್ದರು. ಯಾರು ಏನು ಅಂದರೆಂದು ತಿಳಿಯುವ ದಾರಿಯಿರಲಿಲ್ಲ. ಪುರೋಹಿತರು ಚಿತ್ರದ ಹೊರಗಿದ್ದರು. ಕ್ಯಾಮೆರಾ ತಾಳಿಯ ತಟ್ಟೆಯೊಂದಿಗೆ ಜನರ ಮೇಲೆ ಹಾಯ್ದು ಮೆಲ್ಲಗೆ ವಾಲಗದವರ ಮೇಲೆ ಬಂದು ನಿಂತಿತು. ಡೋಲಿನವರು ಕೋಲು ಎತ್ತಿ ಹಿಡಿದು, ಕಣ್ಣು ಮಿಟುಕಿಸದೆ, ನನ್ನ ಮುಖ ನೋಡುತ್ತಿದ್ದಾರೆ. ನಾನು ಕೂದಲು ಸರಿಮಾಡಿಕೊಂಡು ಕ್ಯಾಮೆರಾ ನೋಡುತ್ತಿದ್ದೇನೆ.