ಕನ್ನಡಕಕ್ಕೆ ಸವರಿದ ಸೋಪು

ಗೆಳೆಯರೇ, ಈ ಬೆಳಿಗ್ಗೆ ಬಿಳಿಕೆರೆಯಲ್ಲಿ ರಸ್ತೆಬದಿ ಕಾಯುತ್ತಿದ್ದ ನನ್ನ ನಾದಿನಿಯನ್ನು ಕಾಣದೆ ದಾಟಿ ಹೋದೆ. ತೀರಿಹೋದ ನನ್ನ ಹೆಂಡತಿಯ ತಂಗಿ ಅವಳು. ಹುಣಸೂರಿನಿಂದ ಮೋಟಾರ್ ಸೈಕಲ್ಲಿನಲ್ಲಿ ಹೋಗಿದ್ದೇ ಅವಳನ್ನು ಕರೆತರಲು. ಜಡಿಮಳೆಗೆ ನನ್ನ ಸವಾರಿ ಕನ್ನಡಕದ ಒಳಗೆಲ್ಲ ಮಂಜು ಕಟ್ಟಿತ್ತು. ಅವಳು ಕೂಗಿದ್ದು ಕೇಳಿ ತಿರುಗಿ ಬಂದೆ.

“ಏನ್ ಭಾವ, ನನ್ ಗುರ್ತೇ ಸಿಗ್ನಿಲ್ವಾ?” ಎಂದವಳೇ ಕನ್ನಡಕ ಕಸಿದುಕೊಂಡು, ಚೀಲದಿಂದ ಸೋಪಿನ ಚೂರು ತೆಗೆದು ಗಾಜಿನ ಒಳಮೈಗೆ ಉಜ್ಜಿ, ಸೆರಗಿನಿಂದ ತಿಕ್ಕಿದಳು.

“ಸೋಪು ಮುಟ್ಟಿಸಬೇಡ ಕಣಮ್ಮ, ಇದ್ರ ಜೊತೆ ಬಂದ ಇಂಗ್ಲಿಷ್ ಚೀಟೀಲಿ ಬರ್ದಿದ್ದಾರೆ,” ಎಂದೆ.

“ಅಕ್ಕನೂ ಇಂಗೇ ಸವರಿ ಮಡಗ್ತಿದ್ಲು. ನೀವು ತೊಳ್ದಾಕಿ ಬಯ್ತಿದ್ರಂತಲ್ಲ. ಈಗ ಆಕ್ಕೊಂಡ್ ನೋಡಿ.”

ಹುಣಸೂರಿನವರೆಗೂ ಗಾಜಿಗೆ ಮಂಜು ಕಟ್ಟಲಿಲ್ಲ, ರಸ್ತೆ ನಿಚ್ಚಳವಾಗಿ ಕಂಡಿತು.

ಮನೆಗೆ ಬಂದು ಕನ್ನಡಕದ ಡಬ್ಬಿಯಲ್ಲಿದ್ದ ಚೀಟಿ ತೆಗೆದೆ. “ಡು ನಾಟ್ ವಾಷ್ ಆಫ್ ಸೋಪ್” ಎಂದಿದೆ. ಮಂಜು ಕಟ್ಟದಿರಲು ಸವರಿದ ಸೋಪನ್ನು ತೊಳೆದುಬಿಡಬೇಡಿ ಎಂದರ್ಥ. ಮೈಸೂರಿನಲ್ಲಿ ಇಂಟರ್‌ವರೆಗೆ ಓದಿದ ನಾನು ಆ ‘ಆಫ್’ ಅನ್ನು ಹಾರಿಸಿ, ಸೋಪಿನಿಂದ ತೊಳೆಯಬೇಡಿ ಎಂದು ಓದಿಕೊಂಡಿದ್ದೆ. ಮೇಷ್ಟ್ರು ‘ಆಫ್’ ಪಾಠ ಮಾಡಿದ ದಿನ ನಾನು ತರಗತಿಯಲ್ಲಿ ಇದ್ದೆನೋ ಇಲ್ಲವೋ.

ಏಳು ಮಳೆಗಾಲ ನನ್ನ ಹೆಂಡತಿ ಸವರಿದಳು, ನಾನು ತೊಳೆದೆ. “ಇಂಗ್ಲಿಷ್ ಬರದೋಳು ಸುಮ್ನಿರು,” ಎಂದು ನಾಲ್ಕು ಜನರ ಮುಂದೆಯೂ ಅಂದಿದ್ದೆ. ತಪ್ಪಾಯಿತು ಎನ್ನೋಣವೆಂದರೆ ಕೇಳಲು ಅವಳಿಲ್ಲ.

ಇವತ್ತು ಕನ್ನಡಕವನ್ನು ತೊಳೆಯದೆ ಇಟ್ಟಿದ್ದೇನೆ. ಚೀಟಿಯಲ್ಲೂ ಹಾಗೇ ಬರೆದಿದೆ.