ಗೀರಿನಲ್ಲಿ ಬಿಟ್ಟ ಒಂದೇಟು

೧೯೯೪, ಆಷಾಢದ ಒಂದು ಭಾನುವಾರ. ಸಂಜೆ ಐದು ಗಂಟೆ.

ಯಜಮಾನರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಪಾಂಡವಪುರದ ಕಡೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ಪಾಕ ಕುದಿಸುವ ಕೆಲಸದಲ್ಲಿದ್ದವರು. ಬಿಸಿ ಪಾಕವನ್ನು ಬೆರಳ ನಡುವೆ ಉಜ್ಜಿ ಹರಳು ನೋಡಿ ನೋಡಿ ಚರ್ಮ ಸವೆದಿತ್ತು. ಆ ಬೆರಳಿನಲ್ಲೇ ಗ್ರಾಮಫೋನ್ ಪ್ಲೇಟಿನ ಅಂಚು ಹಿಡಿದು ಕೂರಿಸಿ, ಮುಳ್ಳು ಇಳಿಸುತ್ತಿದ್ದರು.

ನಾನು ಕೆ.ಆರ್. ಪೇಟೆಯಲ್ಲಿ ಕೆಲಸಕ್ಕೆ ಸೇರಿ, ಅವರ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಆಗಿನ್ನೂ ಒಂದು ತಿಂಗಳು. ಗುರುತಿನವರಿಲ್ಲ. ಡೈರಿಯಲ್ಲಿ ಬರೆಯಲು ಬಸ್ಸು ಬಂದ ಹೊತ್ತು, ಉಂಡ ಸಾರು, ಅಷ್ಟೆ. ಗೋಡೆಯಾಚೆಯಿಂದ ಪ್ರತಿ ಭಾನುವಾರ ಅದೇ ಹಾಡುಗಳು: ತುತ್ತೂರಿ, ಚರ್ಮವಾದ್ಯ, ಎತ್ತಿನ ಕೊರಳ ಗಂಟೆಯಂಥ ಸದ್ದು, ತಿಳಿಯದ ಭಾಷೆಯಲ್ಲಿ ಕೂಗಿ ಹಾಡುವ ಗಂಡಸರು. ಜೊತೆಗೆ ಎರಡು ಕೋಲುಗಳ ಟಕ್ ಟಕ್. ಆ ದಿನ ಬಾಗಿಲು ತಟ್ಟಿದೆ.

"ಸದ್ದು ಜಾಸ್ತಿ ಆಯ್ತೇನ್ಲಾ?"

"ಇಲ್ಲ ಯಜಮಾನ್ರೆ, ಕೇಳಾನ ಅಂತ ಬಂದೆ."

"ಇದ್ನಾ? ಇದ್ನ ಕೇಳಕ್ ಬಂದೋನು ನೀನೇ ಮೊದ್ಲು ಕಣ್ಲಾ. ಬೀದಿಯೋರು ಮುದುಕಂಗೆ ಗಾಳಿ ಹಿಡ್ದದೆ ಅಂತಾವ್ರೆ."

ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಹೊರದೇಶದ ಎಂಜಿನಿಯರೊಬ್ಬ ಹೊರಡುವಾಗ ಆ ಪ್ಲೇಟು ಕೊಟ್ಟನಂತೆ. "ಅವ್ನ ದೇಸ್ದಲ್ಲೂ ಎಲ್ಲಿ ನೋಡುದ್ರೂ ಕಬ್ಬೇ ಅಂತೆ. ನಮ್ಮವ್ಳ ಕೈಲಿ ಮುದ್ದೆ ಉಂಡ್ಕಂಡು, ಇದ್ನ ಆಕ್ಕಂಡು ಕುಣಿಯೋನು." ಆತ ಹೋದ ಮೇಲೆ ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಆ ಹಾಡುಗಳಿಗೆ ಕೋಲಾಟ ಆಡುತ್ತಿದ್ದರು. ಅವನ ಕುಣಿತ ಇವರಿಗೆ ಬಾರದು; ಕೋಲು ಬರುತ್ತಿತ್ತು.

ಆಕೆ ತೀರಿಕೊಂಡು ಮೂರು ವರ್ಷವಾಗಿತ್ತು. ಆಕೆಯ ಜೋಡಿ ಕೋಲು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಯಜಮಾನರು ತಮ್ಮೆರಡನ್ನೇ ಒಂದಕ್ಕೊಂದು ಹೊಡೆದುಕೊಳ್ಳುತ್ತಿದ್ದರು. ಕೋಲಾಟಕ್ಕೆ ಎದುರಿಗೆ ಒಬ್ಬರು ಬೇಕು.

"ನಂಗೂ ಬತ್ತದೆ" ಎಂದೆ.

ಯಜಮಾನರು ಮೊಳೆಯ ಬಳಿ ಹೋದರು. ಆಮೇಲೆ ಆ ಜೋಡಿಯನ್ನು ಇಳಿಸಿ, ಪಂಚೆಯ ತುದಿಯಲ್ಲಿ ಒರೆಸಿ ನನ್ನ ಕೈಗಿತ್ತರು.

ನಾನು ಎಣಿಕೆಯ ಮನುಷ್ಯ. ತಾಳ ಬೇಗ ಸಿಕ್ಕಿತು. ಆದರೆ ಎರಡನೆಯ ಹಾಡಿನ ನಡುವೆ ಪ್ಲೇಟಿಗೊಂದು ಗೀರು, ಮುಳ್ಳು ಹಾರುತ್ತಿತ್ತು. ನಾನು ಎಣಿಕೆ ಬಿಡದೆ ಹೊಡೆದೆ. ಅವರ ಕೋಲು ಅಲ್ಲಿ ನಿಂತಿತ್ತು. ಏಟು ನೇರ ಅವರ ಹೆಬ್ಬೆರಳಿಗೆ ಬಿತ್ತು.

"ಲೇ! ಅಲ್ಲಿ ಒಂದೇಟು ಹೊಡೀದೆ ಬುಡ್ಬೇಕು ಕಣ್ಲಾ. ಅವ್ಳು ಬುಡೋಳು."

"ಹಾಡಲ್ಲಿ ಏಟದೆ ಯಜಮಾನ್ರೆ. ಗೀರು ನುಂಗ್ಬುಟ್ಟದೆ."

"ಹಾಡಲ್ಲಿರ್ಲಿ ಬುಡು. ನಮ್ಮಾಟ್ದಲ್ಲಿಲ್ಲ."

ಬೆರಳನ್ನು ಬಾಯಲ್ಲಿಟ್ಟುಕೊಂಡು ನಕ್ಕರು. ಕಣ್ಣು ಮಾತ್ರ ಬರಿದಾದ ಮೊಳೆಯ ಮೇಲಿತ್ತು. "ಇನ್ನೊಂದ್ಸಲ ಆಕ್ಲಾ?"

ಆಮೇಲಿನ ಭಾನುವಾರಗಳಿಗೆಲ್ಲ ಡೈರಿಯಲ್ಲಿ ಒಂದೊಂದು ಗೀಟು ಎಳೆದಿದ್ದೇನೆ. ನಾಗಮಂಗಲಕ್ಕೆ ವರ್ಗವಾದಾಗ ಗೀಟುಗಳು ನಿಂತವು. ಹೊರಟ ದಿನ ಯಜಮಾನರು ಬಸ್ಸಿನ ಕಿಟಕಿಯ ಬಳಿ ಬಂದು ಒಂದೇ ಮಾತು ಹೇಳಿದರು: "ಏಟು ಬುಡೋದ ಮರೀಬ್ಯಾಡ."

ಎರಡು ವರ್ಷದ ನಂತರ ಸುದ್ದಿ ತಿಳಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಜೋಡಿ ಕೋಲು ಅವರೊಂದಿಗೇ ಮಣ್ಣಿಗೆ ಹೋಗಿತ್ತು. ಪ್ಲೇಟನ್ನೂ ಆಕೆಯ ಕೋಲುಗಳನ್ನೂ ಹಿಂದಿನ ಕೋಣೆಯ ಹುಡುಗನಿಗೆ ಕೊಡಬೇಕೆಂದು ಹೇಳಿಟ್ಟಿದ್ದರಂತೆ. ಈಗ ಭಾನುವಾರ ನಾನೂ ಎರಡನ್ನೇ ಒಂದಕ್ಕೊಂದು ಹೊಡೆದುಕೊಳ್ಳುತ್ತೇನೆ.

ಪ್ಲೇಟಿನ ಹೊದಿಕೆಯನ್ನು ಗೆದ್ದಲು ತಿಂದಿದೆ. ನಡುವಿನ ಚೀಟಿಯಲ್ಲಿ ಅಕ್ಷರ ಉಳಿದಿಲ್ಲ. ಗಂಟೆಯ ಸದ್ದಿನಿಂದ ಶುರುವಾಗುವ ಈ ಹಾಡುಗಳು ಯಾರವು, ಏನು ಹೇಳುತ್ತವೆ ಎಂದು ಬಲ್ಲವರಿದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಗೀರಿಲ್ಲದ ಪ್ಲೇಟು ನಿಮ್ಮಲ್ಲಿದ್ದರೆ, ಆ ಒಂದು ಜಾಗದಲ್ಲಿ ಏನಿದೆ ಎಂಬುದನ್ನು ಮಾತ್ರ ತಿಳಿಸಬೇಡಿ.