ಟಿ.ವಿ. ಆರಿಸಿದ ವಸ್ತಾದರು

ವಸ್ತಾದರ ಎರಡೂ ಕಿವಿಗಳು ಒಣ ಅಂಜೂರದ ಹಾಗೆ ಮುದುಡಿಕೊಂಡಿದ್ದವು. ಹರೆಯದಲ್ಲಿ ಮಣ್ಣಿಗೆ ಉಜ್ಜಿ ಉಜ್ಜಿ, ಒಳಗೆ ರಕ್ತ ಹೆಪ್ಪುಗಟ್ಟಿ, ಕಲ್ಲಿನಂತಾದ ಕಿವಿಗಳು. ಫೋನು ಅವಕ್ಕೆ ಒಗ್ಗುತ್ತಿರಲಿಲ್ಲ. ಯಾರಾದರೂ ಕೈಗೆ ಕೊಟ್ಟರೆ ಗೇಣು ದೂರ ಹಿಡಿದು, ಅದರೊಳಗಿನವನ ಜೊತೆ ಜಗಳಕ್ಕೆ ನಿಂತವರಂತೆ ಮಾತಾಡುತ್ತಿದ್ದರು. ಕ್ಷೌರದವನು ಆ ಕಿವಿಗಳ ಸುತ್ತ ಕತ್ತರಿ ಆಡಿಸಲು ಹಿಂಜರಿದರೆ, "ಅಂಜಬ್ಯಾಡೋ, ಅದಕ್ಕ ನೋವಾಗೂದು ಬಿಟ್ಟು ಭಾಳ ವರ್ಸ ಆತು" ಎನ್ನುತ್ತಿದ್ದರು.

ಗರಡಿಯಲ್ಲಿ ಕುಸ್ತಿ ಕಲಿಸುವವರಿಗೆ ನಮ್ಮ ಕಡೆ ವಸ್ತಾದ ಎನ್ನುತ್ತೇವೆ. ಅವರ ಗರಡಿ ಇದ್ದದ್ದು ಜಮಖಂಡಿಯಲ್ಲಿ, ಹಳೆಯ ಬಾವಿಯೊಂದರ ಹಿಂದೆ. ಕುಸ್ತಿ ಆಡುವ ಹೊಂಡದ ಕೆಂಪು ಮಣ್ಣು ಬೀಳಗಿ ಕಡೆಯ ಒಂದು ಗುಡ್ಡದಿಂದ ಬರುತ್ತಿತ್ತು. ಆ ಜಾಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋದ ಮೇಲೆ ಅವರು ಬೇರೆ ಮಣ್ಣು ತರಿಸಲೇ ಇಲ್ಲ. ಇದ್ದದ್ದನ್ನೇ ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಷಿಣ ಕಲಸಿ, ಹಳೆಯ ಹಾಸಿಗೆಗೆ ಹೊಸ ಹತ್ತಿ ತುಂಬುವಂತೆ ಮತ್ತೆ ಮತ್ತೆ ಮೆತ್ತಗೆ ಮಾಡುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಬನಹಟ್ಟಿಯ ಲೂಮಿನಲ್ಲಿ ನೇಯುವ ಕೆಲಸ ಮಾಡುತ್ತಿದ್ದ ಕಾಲದಲ್ಲಿ. ಶಾಲೆ ಬಿಟ್ಟು ಆಗಲೇ ಬಹಳ ವರ್ಷಗಳಾಗಿದ್ದವು. ಕುಸ್ತಿ ನನಗೆ ಬರಲಿಲ್ಲ. ಯಾರ ಜೊತೆ ಬಿಟ್ಟರೂ ಬೇಗ ಬೀಳುತ್ತಿದ್ದೆ. ಆದರೆ ಊರೂರಿನ ಕುಸ್ತಿ ನೋಡಿ ಬಂದು, ಯಾರು ಯಾವ ಪಟ್ಟು ಹಾಕಿದರು, ಎದುರಿನವನ ಕಾಲು ಎಲ್ಲಿ ಜಾರಿತು ಎಂದು ಹೇಳತೊಡಗಿದರೆ ಗರಡಿಯ ಹುಡುಗರು ದಂಡ ಹೊಡೆಯುವುದನ್ನು ಬಿಟ್ಟು ಸುತ್ತ ಕೂಡುತ್ತಿದ್ದರು. ವಸ್ತಾದರು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದರು.

"ನಿನಗ ಕುಸ್ತಿ ಹತ್ತೂದಿಲ್ಲ. ಸುಮ್ಮ ಮೈ ಯಾಕ ನೋಯಿಸ್ಕೋತಿ. ಆದ್ರ ನೀ ಹೇಳಿದ್ರ ಕಣ್ಣಿಗೆ ಕಟ್ಟತೈತಿ. ಸಾಲಿ ಮುಗಸು. ಕುಸ್ತಿ ಬರಿಯಾವ ಒಬ್ಬ ಬೇಕು ನಮಗ."

ಮೀಸೆ ಬಂದವನು ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕೂತೆ. ಮಕ್ಕಳ ಬೆಂಚಿನಲ್ಲಿ ನನ್ನ ಮೊಣಕಾಲು ಹಿಡಿಯುತ್ತಿರಲಿಲ್ಲ. ಪಾಸಾದ ಮೇಲೆ ಜಮಖಂಡಿಯ ಒಂದು ಸಣ್ಣ ವಾರಪತ್ರಿಕೆಯಲ್ಲಿ ಕಂಪ್ಯೂಟರಿನಲ್ಲಿ ಟೈಪು ಮಾಡುವ ಕೆಲಸ ಸಿಕ್ಕಿತು. ಅದನ್ನೂ ವಸ್ತಾದರೇ ಸಂಪಾದಕರನ್ನು ಕಂಡು ಕೊಡಿಸಿದ್ದು. ಎರಡು ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೆ. ಈಗಲೂ ಹಾಗೆಯೇ. ಕೆಲವೊಮ್ಮೆ ಸಂಪಾದಕರು ಸಣ್ಣಪುಟ್ಟ ವರದಿ ಬರೆಯಲು ಬಿಡುತ್ತಿದ್ದರು. ಹೆಸರು ಹಾಕುತ್ತಿರಲಿಲ್ಲ.

ವಸ್ತಾದರ ಗರಡಿಯಲ್ಲಿ ಎರಡು ಕಟ್ಟುಪಾಡುಗಳಿದ್ದವು. ಬೇರೆಲ್ಲೂ ನಾನು ಅವನ್ನು ಕಂಡಿಲ್ಲ. ಬೆನ್ನು ಮಣ್ಣಿಗೆ ಹತ್ತಿ ಚಿತ್ ಆಗಿ ಸೋತವನು ಏಳುವಾಗ ಯಾರೂ ಅವನನ್ನು ನೋಡಬಾರದು. ಹಲಗೆಯ ಬಡಿತ ನಿಲ್ಲಬೇಕು, ಎಲ್ಲರೂ ಗೋಡೆ ಕಡೆ ಮುಖ ತಿರುಗಿಸಬೇಕು, ಅವನು ಮೈ ಕೊಡವಿಕೊಂಡು ಹೊಂಡದಿಂದ ಆಚೆ ಬರಬೇಕು. "ಬಿದ್ದಾಂವ ಏಳೂದು ಅವನ ಖಾಸಗಿ ಕೆಲಸ" ಎನ್ನುತ್ತಿದ್ದರು. ಇನ್ನೊಂದು, ಸೋತವನು ಅಲ್ಲೇ ನಿಂತು ಮತ್ತೊಂದು ಜೋಡಿ ಕೊಡಿ, ಇನ್ನೊಬ್ಬನ ಜೊತೆ ಬಿಡಿ ಎಂದು ಕೇಳಬಾರದು. ಮನೆಗೆ ಹೋಗಬೇಕು, ಎಣ್ಣೆ ಹಚ್ಚಿಕೊಳ್ಳಬೇಕು, ಮುಂದಿನ ಕುಸ್ತಿಗೆ ಬರಬೇಕು. ಕೇಳಿದವನನ್ನು ಅವರು ಗರಡಿಯಿಂದ ಹೊರಗೆ ಹಾಕಿದ್ದನ್ನು ನಾನೇ ನೋಡಿದ್ದೇನೆ.

ಆಗ ಟಿ.ವಿ.ಯಲ್ಲಿ ಹೊಸದೊಂದು ಕಾರ್ಯಕ್ರಮ ಶುರುವಾಗಿತ್ತು. ಕಬ್ಬಿಣದ ಜಾಳಿಗೆಯೊಳಗೆ ಇಬ್ಬರು ಇಳಿದು ಗುದ್ದುವುದು, ಒದೆಯುವುದು, ಹಿಡಿದು ಕೆಡವುವುದು, ಎಲ್ಲ ಸೇರಿದ ಆಟ. ಅದನ್ನು ಮೊದಲ ಸಲ ನೋಡುವವರಿಗಾಗಿಯೇ ಮಾಡಿದ್ದರು. ಕೋಟು ಹಾಕಿದ ಒಬ್ಬ ನಿರೂಪಕ ಹಿಂದಿಯಲ್ಲಿ ಒಂದೊಂದು ಪಟ್ಟನ್ನೂ ನಿಲ್ಲಿಸಿ, ಬಾಣದ ಗುರುತು ಹಾಕಿ, ಯಾರು ಏನು ಮಾಡಿದರು ಎಂದು ಬಿಡಿಸಿ ಹೇಳುತ್ತಿದ್ದ. ಮುಧೋಳ, ಬನಹಟ್ಟಿಯ ಹೋಟೆಲುಗಳಲ್ಲಿ ಹುಡುಗರು ಚಹಾ ಆರಿಹೋಗುವತನಕ ಅದನ್ನೇ ನೋಡುತ್ತಿದ್ದರು. ಗರಡಿಗೆ ಬರುವವರು ಕಡಿಮೆಯಾಗುತ್ತಿದ್ದರು.

ಸಂಪಾದಕರ ಮನೆಮಾತು ಮರಾಠಿ. ಕನ್ನಡಕ್ಕೂ ಅದರ ಒಗ್ಗರಣೆ ಬೀಳುತ್ತಿತ್ತು. "ಅರೇ ಬಾಬಾ, ಗರಡಿಮನಿ ಮನಷ್ಯಾ ನೀನ. ಇದರ ಮ್ಯಾಲ ಒಂದು ವಿಮರ್ಶಾ ಬರಿ. ಹೊಸದಾಗಿ ನೋಡಾವ್ರಿಗೆ ತಿಳೀಬೇಕು. ಛಲೋ ಆದ್ರ ಹೆಸರು ಹಾಕ್ತೀನಿ, ವಾರಾ ವಾರಾ ಬರಿ."

ನನ್ನ ಹೆಸರು ಅಚ್ಚಾಗುವುದು ಅದೇ ಮೊದಲು. ನನ್ನ ಬಳಿ ಟಿ.ವಿ. ಇರಲಿಲ್ಲ. ವಸ್ತಾದರಿಗೆ ಹೇಳಿದೆ. ಅವರು ನನಗಿಂತ ಹೆಚ್ಚು ಖುಷಿಪಟ್ಟರು. ಹಾಲಿನವನಿಂದ ಹಿಡಿದು ಕ್ಷೌರದವನತನಕ ಎಲ್ಲರಿಗೂ "ನಮ್ಮ ಹುಡುಗ ಪತ್ರಿಕೆದಾಗ ಬರಿಯಾಕತ್ತಾನ, ಹೆಸರು ಬರತೈತಿ" ಎಂದು ಸಾರಿದರು. ಶನಿವಾರ ಸಂಜೆ ಗರಡಿಯ ಹುಡುಗರನ್ನೆಲ್ಲ ಮನೆಯ ಪಡಸಾಲೆಯಲ್ಲಿ ಕೂಡಿಸಿ, ನನ್ನನ್ನು ಟಿ.ವಿ. ಮುಂದೆ ಮಣೆ ಹಾಕಿ ಕೂಡಿಸಿದರು.

ನಿರೂಪಕ ಆಟದ ನಿಯಮ ಹೇಳತೊಡಗಿದ. ವಸ್ತಾದರಿಗೆ ಬೇಸರವಾಯಿತು. "ಇವನ ಒದರಾಟ ಸಾಕು. ಕುಸ್ತಿ ನೋಡಾಕ ಮಾತ್ಯಾಕ ಬೇಕು" ಎಂದು ದನಿಯನ್ನು ಪೂರ್ತಿ ಕಡಿಮೆ ಮಾಡಿಸಿದರು. ಆಮೇಲೆ ನೋಡಿದ್ದೆಲ್ಲ ಮೂಕಾಟ. ಬಾಣಗಳು ಬರುತ್ತಿದ್ದವು, ನಿರೂಪಕ ಹಲ್ಲು ಬಿಟ್ಟು ಕೈ ತಿರುಗಿಸುತ್ತಿದ್ದ, ವಸ್ತಾದರು ತಮ್ಮದೇ ವಿವರಣೆ ಕೊಡುತ್ತಿದ್ದರು.

ಕೊನೆಯ ಜೋಡಿಯಲ್ಲಿ ಒಬ್ಬ ಉದ್ದ, ಒಬ್ಬ ಗಿಡ್ಡ. ಗಿಡ್ಡನ ಮುಖ ಹತ್ತಿರ ತೋರಿಸಿದಾಗ ವಸ್ತಾದರು ಮುಂದಕ್ಕೆ ಸರಿದು ಕೂತರು.

"ಕಿವಿ ನೋಡ್ರಲೇ ಅವಂದು."

ಗಿಡ್ಡನ ಕಿವಿಯೂ ಒಣ ಅಂಜೂರವೇ.

"ಯಾವ ದೇಶದಾಂವರೆ ಇರವಲ್ನಾಕ. ಇಂವ ನಮ್ಮಾಂವ."

ಗಿಡ್ಡ ಒಂದೆರಡು ಗುದ್ದು ತಿಂದ. ಆಮೇಲೆ ಬಗ್ಗಿ ನುಗ್ಗಿ, ಉದ್ದನೆಯವನ ಎರಡೂ ತೊಡೆ ತಬ್ಬಿ, ಮೇಲಕ್ಕೆತ್ತಿ ಬೆನ್ನು ಕೆಳಗಾಗಿ ನೆಲಕ್ಕೆ ಅಪ್ಪಳಿಸಿದ. ಪಡಸಾಲೆ ಎದ್ದು ನಿಂತಿತು. ವಸ್ತಾದರು ಎರಡೂ ಕೈ ಜೋಡಿಸಿ, "ಆತು" ಎಂದರು. ಎದ್ದು ಹೋಗಿ ಟಿ.ವಿ. ಆರಿಸಿದರು. ನಾವೆಲ್ಲ ಗೋಡೆ ಕಡೆ ಮುಖ ತಿರುಗಿಸಿದೆವು. ಆ ಉದ್ದನೆಯ ಪರದೇಶಿ ಏಳುವುದನ್ನು ನೋಡುವುದು ಮರ್ಯಾದೆಯಲ್ಲ ಎಂದು.

ಒಬ್ಬನಿಗೂ ಅನುಮಾನ ಬರಲಿಲ್ಲ. ಬೆನ್ನು ಹತ್ತಿದ ಮೇಲೆ ಇನ್ನೇನು ಉಳಿದಿರುತ್ತದೆ?

ಭಾನುವಾರ ಪೂರ್ತಿ ಕೂತು ಬರೆದೆ. ಜಾಳಿಗೆಯೊಳಗೆ ಆಡುವುದು ಪಟ್ಟುಗಾರರಿಗೆ ಅವಮಾನ ಎಂದೆ. ರಕ್ತ ಬಂದಾಗ ನಿರೂಪಕ ನಗುವುದು ಅಸಹ್ಯ ಎಂದೆ. ಅದು ಈಗಲೂ ನನ್ನ ಅಭಿಪ್ರಾಯ. ಆಮೇಲೆ ಬರೆದದ್ದು ಇದು: "ಹೊಸಬರಿಗೆಂದು ಈ ಕಾರ್ಯಕ್ರಮ ಅತಿಯಾಗಿ ವಿವರಿಸುತ್ತದೆ. ಕುಸ್ತಿಯ ಮಣ್ಣಿನಲ್ಲಿ ಹುಟ್ಟಿದ ನಮಗೆ ಈ ಪಾಠ ಬೇಕಿಲ್ಲ." ಕೊನೆಗೆ ಗಿಡ್ಡ ಜಟ್ಟಿಯ ಗೆಲುವನ್ನು ಮನಸ್ಸು ತುಂಬಿ ಬಣ್ಣಿಸಿದೆ.

ಪತ್ರಿಕೆ ಬಂದ ದಿನ ಬನಹಟ್ಟಿಗೆ ಹೋಗಿದ್ದೆ. ಹಿಂದೆ ನನ್ನ ಜೊತೆ ಲೂಮಿನಲ್ಲಿದ್ದವನೊಬ್ಬ ಚಹಾದ ಅಂಗಡಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತು ಕೈ ಮುಗಿದ.

"ಬರ್ರಿ ಸಾಹಿತಿಗಳ. ಗಿಡ್ಡ ಗೆದ್ದನಂತಲ್ರಿ?"

"ಹೌದು. ಚಿತ್ ಹೊಡದ."

"ಅಲ್ಲಲೇ, ಕೆಳಗ ಬಿದ್ದಾಂವ ಕಾಲಾಗ ಕುತಗಿ ಹಿಡದು ಹಿಚುಕಿದ್ನಲ್ಲ. ಗಿಡ್ಡ ನೆಲಾ ಬಡದು ಸಾಕು ಸಾಕು ಅಂದದ್ದು ನಿನ್ನ ಟಿ.ವಿ.ಯಾಗ ಬರಲಿಲ್ಲೇನು?"

ಇನ್ನೊಬ್ಬ ಹೇಳಿದ, "ಇವರಿಗೆ ಪಾಠ ಬೇಕಿಲ್ಲಂತಪಾ. ಅಚ್ಚು ಹಾಕ್ಯಾರ ನೋಡಿಲ್ಲೆ."

ಅಂಗಡಿ ತುಂಬ ನಕ್ಕರು. ಅಲ್ಲಿ ಯಾರೂ ಗೋಡೆ ಕಡೆ ಮುಖ ತಿರುಗಿಸಲಿಲ್ಲ.

ಪತ್ರಿಕೆಯ ಕಚೇರಿಗೆ ಫೋನುಗಳು ಬರತೊಡಗಿದವು. ಸಂಪಾದಕರು ಸಿಟ್ಟಾಗಲಿಲ್ಲ. ಅದೇ ಕಷ್ಟವಾಯಿತು. "ಜಾವೂ ದೇ, ಹೋಗ್ಲಿ ಬಿಡು. ನೀ ಟೈಪ್ ಅಷ್ಟ ಮಾಡ್ಕೋತಿರು. ಬರಿಯೂದು ಎಲ್ಲಾರಿಗೂ ಬರೂದಿಲ್ಲ" ಎಂದರು. ಹೌದೆಂದು ತಲೆಯಾಡಿಸಿದೆ. ಗರಡಿ ಕಡೆ ಹೋಗುವುದನ್ನು ಬಿಟ್ಟೆ. ವಸ್ತಾದರು ಊರಿಗೆಲ್ಲ ಸಾರಿದ್ದರಲ್ಲ, ಈಗ ಊರೇ ಅವರಿಗೆ ಏನೆಂದು ಹೇಳುತ್ತಿದೆಯೋ ಎಂದು ನೆನೆದು, ಅವರು ಎದುರಾಗಬಹುದಾದ ದಾರಿಗಳನ್ನೆಲ್ಲ ತಪ್ಪಿಸಿ ಓಡಾಡಿದೆ.

ಒಂದು ಬೆಳಿಗ್ಗೆ ಟೈಪು ಮಾಡುತ್ತಿದ್ದಾಗ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ವಸ್ತಾದರು ನಿಂತಿದ್ದರು. ದೊಡ್ಡ ಕುಸ್ತಿಗಳಿಗೆ ಮಾತ್ರ ಸುತ್ತುವ ಗುಲಾಬಿ ರುಮಾಲು ಸುತ್ತಿದ್ದರು. ಸಂಪಾದಕರು ಕುರ್ಚಿ ತೋರಿಸಿದರು. ಅವರು ಕೂಡಲಿಲ್ಲ.

"ಟಿ.ವಿ. ಬಂದ್ ಮಾಡಿದಾಂವ ನಾ ಅದೀನ್ರಿ. ಮಾತಿನ ದನಿ ಇಳಿಸಿದಾಂವನೂ ನಾನ. ಅಂವ ಕಂಡಷ್ಟು ಖರೇನ ಬರದಾನ."

ಸಂಪಾದಕರು, "ಅಹೋ ವಸ್ತಾದ, ನೀವ್ಯಾಕ ತ್ರಾಸ ತಗೊಂಡ್ರಿ. ಆದದ್ದಾತು" ಎಂದರು.

"ಆಗಿಲ್ರಿ." ವಸ್ತಾದರು ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದರು. "ಅವಂಗ ಇನ್ನೊಂದು ಜೋಡಿ ಕೊಡ್ರಿ."

ನನ್ನ ಬೆರಳು ಒಂದೇ ಅಕ್ಷರದ ಮೇಲೆ ಒತ್ತಿಕೊಂಡೇ ಇತ್ತು. ಪರದೆಯ ಮೇಲೆ ಸಾಲುಗಟ್ಟಲೆ ಅದೇ ಅಕ್ಷರ ಓಡುತ್ತಿತ್ತು. ಇನ್ನೊಂದು ಜೋಡಿ ಕೇಳಿದ ಹುಡುಗನನ್ನು ಬಾವಿಯ ಆಚೆತನಕ ಅಟ್ಟಿಸಿಕೊಂಡು ಹೋಗಿದ್ದ ಮನುಷ್ಯ, ನನಗಾಗಿ, ಬರಿ ತಲೆಯಲ್ಲಿ ನಿಂತು ಅದನ್ನೇ ಕೇಳುತ್ತಿದ್ದರು. ಅವರ ಜೀವನದಲ್ಲಿ ಅವರ ಬೆನ್ನನ್ನು ಮಣ್ಣಿಗೆ ಹತ್ತಿಸಿದವರು ಇದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ದಿನ ನಾನು ಹತ್ತಿಸಿದೆ ಎನಿಸಿತು. ಬೇಡ ಎಂದು ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ನನಗೆ ಬರೆಯಬೇಕಾಗಿತ್ತು.

ಸಂಪಾದಕರು ಒಪ್ಪಿದರು.

ಆ ಕಂತಿನ ಮರುಪ್ರಸಾರ ಬಂದ ಮಧ್ಯಾಹ್ನ, ಅದೇ ಪಡಸಾಲೆ, ಅದೇ ಹುಡುಗರು. ವಸ್ತಾದರು ಈ ಸಲ ನೆಲದ ಮೇಲೆ ನನ್ನ ಪಕ್ಕ ಕೂತರು. ದನಿ ಪೂರ್ತಿ ಏರಿಸಿದರು. ಹಿಂದಿ ತಿಳಿಯದ ಕಡೆ ನನ್ನ ಮೊಣಕೈ ತಿವಿದು ಕೇಳಿದರು. "ಬೆನ್ನು ನೆಲಕ್ಕೆ ತಾಗಿದರೆ ಆಟ ಮುಗಿಯುವುದಿಲ್ಲ" ಎಂದು ನಿರೂಪಕ ಬಹಳ ಸ್ಪಷ್ಟವಾಗಿ, ಎರಡೆರಡು ಸಲ ಹೇಳಿದ. ಹೊಸಬರು ಇಲ್ಲೇ ತಪ್ಪುತ್ತಾರೆ ಎಂದೂ ಹೇಳಿದ. ಹುಡುಗನೊಬ್ಬ ಕಿಸಕ್ಕನೆ ನಕ್ಕ. "ನಗಬ್ಯಾಡಲೇ. ಮಾಸ್ತರ ಹೇಳಾಕತ್ತಾನ" ಎಂದರು ವಸ್ತಾದರು.

ಗಿಡ್ಡ ಎತ್ತಿ ಕೆಡವಿದ. ಈ ಸಲ ಯಾರೂ ಏಳಲಿಲ್ಲ. ಕೆಳಗೆ ಬಿದ್ದ ಉದ್ದನೆಯವನು ಗಾಬರಿಯಾಗದೆ ಕಾಲುಗಳನ್ನು ಮೇಲೆತ್ತಿ, ಗಿಡ್ಡನ ಕುತ್ತಿಗೆ ಮತ್ತು ಒಂದು ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿ ಬಿಗಿದ. ಗಿಡ್ಡನ ಮುಖ ಕಪ್ಪಾಯಿತು. ಅಂಗೈಯಿಂದ ನೆಲ ಬಡಿದ. ಗಂಟೆ ಹೊಡೆಯಿತು.

ವಸ್ತಾದರು ಗಂಟೆ ನಿಲ್ಲುವತನಕ ಪರದೆಯನ್ನೇ ನೋಡಿದರು. ಆಮೇಲೆ, "ಇದು ಕುಸ್ತಿ ಅಲ್ಲ" ಎಂದರು. ನನ್ನ ಕಡೆ ತಿರುಗಿ, "ಸುಳ್ಳೂ ಅಲ್ಲ" ಎಂದರು.

ಎರಡನೆಯ ವಿಮರ್ಶೆ ಅಚ್ಚಾಯಿತು. ಮೊದಲನೆಯದು ಯಾಕೆ ತಪ್ಪಿತೆಂದು ಅದರಲ್ಲಿ ಬರೆದೆ. ಗೋಡೆ ಕಡೆ ಮುಖ ತಿರುಗಿಸಿದ್ದನ್ನೂ ಬರೆದೆ. ನಿರೂಪಕ ಹೊಸಬರಿಗೆ ಹೇಳಬೇಕಾದದ್ದನ್ನೇ ಹೇಳಿದ್ದಾನೆ, ಆ ಹೊಸಬರಲ್ಲಿ ನಾನೂ ಒಬ್ಬ ಎಂದೆ. ವಸ್ತಾದರು ಅದನ್ನು ಗರಡಿಯಲ್ಲಿ ಓದಲು ಹೇಳಿದರು. ನಾನು ಶುರು ಮಾಡುವಷ್ಟರಲ್ಲಿ ಕೈ ಎತ್ತಿ ತಡೆದರು.

"ಮೊದಲಿಂದು ಮೊದಲ ಓದು."

"ಅದ್ಯಾಕ್ರಿ?"

"ಅದು ನನ್ನದೂ ಐತಿ."

ಎರಡನ್ನೂ ಓದಿದೆ. ಮೊದಲನೆಯದನ್ನು ಓದುವಾಗ ಹುಡುಗರು ಅಭ್ಯಾಸದಂತೆ ಗೋಡೆ ಕಡೆ ತಿರುಗಿದರು. ವಸ್ತಾದರು ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ಕೆಲವು ವರ್ಷಗಳ ಮೇಲೆ ಅವರಿಗೆ ಲಕ್ವ ಹೊಡೆಯಿತು. ಎಡಭಾಗ ಹೋಯಿತು. ಅದೇ ಪಡಸಾಲೆಯಲ್ಲಿ ಮಂಚ ಹಾಕಿ ಮಲಗಿಸಿದ್ದರು. ಮುಧೋಳ, ಬೀಳಗಿಯಿಂದ ಹಳೆಯ ಶಿಷ್ಯರು ಬರುತ್ತಿದ್ದರು. ನರೆತ ಮೀಸೆಯ ಗಂಡಸರು. ಬಂದವರು ಕಾಲು ಮುಟ್ಟಿ, ಬಾಗಿಲ ಕಡೆ ಮುಖ ಮಾಡಿ ಕೂತು, ಬೆನ್ನು ತೋರಿಸುತ್ತಲೇ ಅವರ ಜೊತೆ ಮಾತಾಡುತ್ತಿದ್ದರು. ಹೊಸದಾಗಿ ನೋಡಿದವರಿಗೆ ಇವರೇನು ಜಗಳವಾಡಿಕೊಂಡಿದ್ದಾರೆಯೇ ಎನಿಸುವಂತಿತ್ತು.

ನಾನೂ ಹಾಗೇ ಕೂತೆ. ಹಿಂದಿನಿಂದ ಅವರ ತೊದಲು ದನಿ ಬಂತು.

"ನೀ ಈ ಕಡೆ ತಿರುಗು."

ತಿರುಗಿದೆ. ಬಾಯಿ ಒಂದು ಕಡೆ ಇಳಿದಿತ್ತು. ತಲೆದಿಂಬಿಗೆ ಒತ್ತಿದ ಕಿವಿ ಮೊದಲಿನಂತೆಯೇ ಇತ್ತು.

"ಅವರು ಹಂಗ ಕುಂದ್ರಲಿ. ನೀ ನೋಡು. ಅರ್ಧಕ್ಕ ಬಂದ್ ಮಾಡಿ ಒಮ್ಮೆ ಕೆಟ್ಟೀವಿ."

"ನೋಡಾಕ ಆಗವಲ್ದ್ರಿ."

"ಬರಿಯಾವ್ಗ ಆಗಬೇಕು." ಉಸಿರು ತೆಗೆದುಕೊಂಡರು. "ಬೆನ್ನು ಹತ್ತೈತಿ. ಗಂಟಿ ಹೊಡದಿಲ್ಲ ಇನ್ನ."

ಅಂದಿನಿಂದ ದಿನವೂ ಕೆಲಸ ಮುಗಿಸಿ ಹೋಗಿ ಅವರ ಎದುರಿಗೆ ಕೂಡುತ್ತಿದ್ದೆ. ನೀರು ಕುಡಿಸುವಾಗ ಗಲ್ಲದ ಮೇಲೆ ಇಳಿಯುವುದನ್ನು, ಸರಿಯಿದ್ದ ಬಲಗೈ ಸರಿಯಿಲ್ಲದ ಎಡಗೈಯನ್ನು ಹಿಡಿದು ಎತ್ತಲು ಹೋಗಿ ಬಿಡುವುದನ್ನು, ಎಲ್ಲವನ್ನೂ ನೋಡಿದೆ. ನಾಚಿಕೆ ಅವರಿಗಿಂತ ನನಗೇ ಹೆಚ್ಚಾಗುತ್ತಿತ್ತು.

ಒಂದು ಸಂಜೆ, ಶಿಷ್ಯರೆಲ್ಲ ಬಾಗಿಲ ಕಡೆ ಮುಖ ಮಾಡಿ ಮುಂದಿನ ಕುಸ್ತಿಯ ಮಾತಾಡುತ್ತಿದ್ದಾಗ, ಅವರ ಎದೆ ಏರಿತು, ಇಳಿಯಿತು, ಮತ್ತೆ ಏರಲಿಲ್ಲ. ಕಂಡವನು ನಾನೊಬ್ಬನೇ. "ಆತು" ಎಂದು ಅವರಿಗೆಲ್ಲ ಹೇಳಬೇಕಿತ್ತು. ನಾನು ಹೇಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡುತ್ತ ಕೂತೆ.